ಕಿಡ್ನಿ ಫೈಲಿನಲ್ಲಿ ಕಿವಿಗೂ ಒಂದು ಹಾಳೆ

(ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರು, ಅವರ ಮನೆಯವರು ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ, ಮಾರ್ಚ್ ತಿಂಗಳಲ್ಲಿ, ಕೋಲಾರದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತನಾಡಿದವರು ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್.)

ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಡಯಾಲಿಸಿಸ್‌ಗೆ, ಅಂದರೆ ಮಷೀನಿನಲ್ಲಿ ರಕ್ತ ಸೋಸುವುದಕ್ಕೆ, ಕೈಯ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿಸಿಕೊಂಡವರು ಇಲ್ಲಿ ಬಹಳ ಜನ ಇದ್ದೀರಿ. ಆ ಕೈಯನ್ನು ಮೆಲ್ಲಗೆ ಕಿವಿಗೆ ಹಿಡಿಯಿರಿ. ಝುಂಯ್, ಝುಂಯ್ ಅಂತ ರಕ್ತ ಹರಿಯುವ ಸದ್ದು ಕೇಳುತ್ತದೆ, ಅಲ್ವಾ? ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಒಂದು ನಡುಕ ಗೊತ್ತಾಗುತ್ತದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಇದನ್ನು ನೋಡಿಕೊಳ್ಳಿ ಅಂತ ನಿಮಗೆ ಹೇಳಿಕೊಟ್ಟಿರುತ್ತಾರೆ. ಸದ್ದು ನಿಂತರೆ ಫಿಸ್ಟುಲಾ ಕಟ್ಟಿಕೊಂಡಿರಬಹುದು, ತಕ್ಷಣ ಆಸ್ಪತ್ರೆಗೆ ಓಡಬೇಕು.

ಬಂಗಾರಪೇಟೆ ಕಡೆಯ ಒಬ್ಬ ಅಜ್ಜಿ ಹಾಗೆಯೇ ಓಡಿದರು. ಅವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಎಡಗೈಯಲ್ಲಿ ಫಿಸ್ಟುಲಾ. ಒಂದು ಬೆಳಿಗ್ಗೆ ಕೈಯನ್ನು ಎಡಕಿವಿಗೆ ಹಿಡಿದರೆ ಸದ್ದೇ ಇಲ್ಲ. "ಕೈ ನಿಂತೋಯ್ತು ಕಣಪ್ಪ" ಅಂತ ಮಗನನ್ನು ಎಬ್ಬಿಸಿ, ಬೈಕ್ ಹತ್ತಿ ಬಂದರು. ನರ್ಸ್ ಸ್ಟೆತಾಸ್ಕೋಪ್ ಇಟ್ಟು ನೋಡಿದರು. ರಕ್ತ ಚೆನ್ನಾಗಿ ಹರಿಯುತ್ತಿತ್ತು. "ಏನೂ ಆಗಿಲ್ಲ ಅಜ್ಜಿ, ಭಯ ಬೀಳಬೇಡಿ" ಅಂತ ಹೇಳಿ ಕಳಿಸಿದರು. ಅಜ್ಜಿಗೂ ಜೀವ ಬಂತು, ಮಗನಿಗೂ ಜೀವ ಬಂತು.

ಆ ಅಜ್ಜಿ ನನ್ನ ಹತ್ತಿರ ಬಂದದ್ದು ಹದಿನೆಂಟು ದಿನ ಕಳೆದ ಮೇಲೆ. ಫೋನ್ ಎಡಗಡೆ ಹಿಡಿದರೆ ಮಗಳ ಮಾತು ಕೇಳಿಸುತ್ತಿರಲಿಲ್ಲ. ಫೋನ್ ಕೆಟ್ಟಿರಬೇಕು ಅಂತ ರಿಪೇರಿ ಅಂಗಡಿಗೆ ಕೊಟ್ಟಿದ್ದರು. ಅಂಗಡಿ ಹುಡುಗ ನೋಡಿ, "ಫೋನ್ ಸರಿಯಾಗೇ ಐತೆ ಅಜ್ಜಿ, ನೀವು ಕಿವಿ ತೋರಿಸಿ" ಅಂದನಂತೆ. ಆ ಹುಡುಗ ಯಾರೋ, ಅವನಿಗೆ ಪುಣ್ಯ ಬರಲಿ. ಪರೀಕ್ಷೆ ಮಾಡಿದಾಗ ಎಡಕಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಅವತ್ತು ಬೆಳಿಗ್ಗೆ ಕೈಗೆ ಏನೂ ಆಗಿರಲಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಕಿವಿ ಹೋಗಿತ್ತು.

ಇದ್ದಕ್ಕಿದ್ದ ಹಾಗೆ, ಮೂರು ದಿನದ ಒಳಗೆ ಕಿವಿ ಹೋದರೆ ಅದನ್ನು ತುರ್ತು ಅಂತಲೇ ನೋಡಬೇಕು. ಸ್ಟೀರಾಯ್ಡ್ ಔಷಧಿಯಿಂದ ಕೆಲವರಿಗೆ ಕಿವಿ ವಾಪಸ್ ಬರುತ್ತದೆ. ಆದರೆ ಅದನ್ನು ಮೊದಲ ಎರಡು ವಾರದೊಳಗೆ, ಆದಷ್ಟು ಬೇಗ ಶುರು ಮಾಡಬೇಕು. ಈ ಅಜ್ಜಿಗೆ ಇಎನ್‌ಟಿ ಡಾಕ್ಟರು ಕಿವಿಯ ತಮಟೆಯ ಮೂಲಕ ಒಳಗೇ ಇಂಜೆಕ್ಷನ್ ಕೊಟ್ಟು ಪ್ರಯತ್ನ ಪಟ್ಟರು. ಸ್ವಲ್ಪ ಬಂತು. ಪೂರ್ತಿ ಬರಲಿಲ್ಲ.

ಆ ನರ್ಸ್ ಮೇಲೆ ನನಗೆ ಕೋಪ ಇಲ್ಲ. ಫಿಸ್ಟುಲಾ ನೋಡಿ ಅಂದರು, ಅವರು ಫಿಸ್ಟುಲಾ ನೋಡಿದರು. ಆದರೆ ಸದ್ದು ಇದ್ದೂ ಅಜ್ಜಿಗೆ ಯಾಕೆ ಕೇಳಿಸಲಿಲ್ಲ? ಆ ಒಂದು ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಕಿಡ್ನಿ ವಾರ್ಡಿನಲ್ಲಿ ಬಿಪಿ ನೋಡುತ್ತಾರೆ, ತೂಕ ನೋಡುತ್ತಾರೆ, ಕ್ರಿಯಾಟಿನಿನ್ ನೋಡುತ್ತಾರೆ, ಹಿಮೋಗ್ಲೋಬಿನ್ ನೋಡುತ್ತಾರೆ, ಕಣ್ಣಿಗೂ ಕಳಿಸುತ್ತಾರೆ. ಕಿವಿ ಯಾರ ನೆನಪಿಗೂ ಬರುವುದಿಲ್ಲ. ನಾನು ಇವತ್ತು ಬಂದಿರುವುದು ಇದೊಂದನ್ನು ಕೇಳಿಕೊಳ್ಳಲು. ನಿಮ್ಮ ಕಿಡ್ನಿ ಫೈಲಿನಲ್ಲಿ ಕಿವಿಗೂ ಒಂದು ಹಾಳೆ ಇರಲಿ.

ಮಾರ್ಚ್ 3 ವಿಶ್ವ ಶ್ರವಣ ದಿನ. ಮಾರ್ಚ್ ತಿಂಗಳ ಎರಡನೇ ಗುರುವಾರ ವಿಶ್ವ ಕಿಡ್ನಿ ದಿನ. ಒಂದೇ ತಿಂಗಳಲ್ಲಿ ಎರಡೂ ಬರುತ್ತವೆ. ಎರಡನ್ನೂ ಸೇರಿಸಿ ಒಂದು ಸಭೆ ಮಾಡಿದ್ದೀರಲ್ಲ, ಅದು ನನಗೆ ಬಹಳ ಸಂತೋಷ ತಂದಿದೆ.

ಸರಿ. ಕಿಡ್ನಿ ಎಲ್ಲಿ, ಕಿವಿ ಎಲ್ಲಿ? ಒಂದು ಸೊಂಟದ ಮೇಲೆ, ಇನ್ನೊಂದು ತಲೆಯಲ್ಲಿ. ಎರಡಕ್ಕೂ ಏನು ಸಂಬಂಧ?

ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳುವುದು ಸುಲಭ. ನೀರಿನ ಘಟಕ ನೋಡದವರು ಇಲ್ಲಿ ಯಾರಿದ್ದಾರೆ? ಕ್ಯಾನ್ ಹಿಡಿದು ಹೋಗುತ್ತೀರಿ, ಕಾಯಿನ್ ಹಾಕುತ್ತೀರಿ, ನೀರು ತರುತ್ತೀರಿ. ಆ ಘಟಕದ ಒಳಗೆ ಒಂದು ತೆಳು ಪೊರೆ ಇದೆ. ಬೇಕಾದ್ದನ್ನು ಬಿಟ್ಟು, ಬೇಡದ್ದನ್ನು ತಡೆಯುವುದೇ ಅದರ ಕೆಲಸ. ಕಿಡ್ನಿಯ ಒಳಗೂ ಅಂಥ ಪೊರೆ ಇದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸಣ್ಣ ಸಣ್ಣ ಸೋಸುಕಗಳು. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅಂದರೆ 20 ಲೀಟರಿನ ಒಂಬತ್ತು ಕ್ಯಾನ್! ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ವಾಪಸ್ ರಕ್ತಕ್ಕೆ ಎಳೆದುಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ.

ಈಗ ಕಿವಿಗೆ ಬನ್ನಿ. ನಾವು ಹಿಡಿದು ಹಿಂಡುವ ಕಿವಿ ಹೊರಗಿನದ್ದು. ನಿಜವಾಗಿ ಕೇಳಿಸಿಕೊಳ್ಳುವ ಕಿವಿ ತಲೆಬುರುಡೆಯ ಒಳಗಿದೆ. ಬಸವನಹುಳದ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡಿದೆ, ಬಟಾಣಿ ಕಾಳಿನ ಗಾತ್ರ. ಹೆಸರು ಕಾಕ್ಲಿಯಾ. ಅದರ ತುಂಬ ದ್ರವ. ನಡುವಿನ ಕೊಳವೆಯ ದ್ರವದಲ್ಲಿ ಪೊಟ್ಯಾಷಿಯಂ ಜಾಸ್ತಿ ಇರಬೇಕು, ಸೋಡಿಯಂ ಕಡಿಮೆ ಇರಬೇಕು. ಈ ಅಳತೆ ತಪ್ಪಿದರೆ ಕಿವಿ ಕೆಲಸ ಮಾಡುವುದಿಲ್ಲ. ಅಳತೆ ಕಾಯುವುದಕ್ಕೆ ಅಂತಲೇ ಕಾಕ್ಲಿಯಾದ ಗೋಡೆಯಲ್ಲಿ ರಕ್ತನಾಳ ತುಂಬಿದ ಒಂದು ಪಟ್ಟಿ ಇದೆ. ಅದು ಹಗಲೂ ರಾತ್ರಿ ಪೊಟ್ಯಾಷಿಯಂ ಪಂಪ್ ಮಾಡುತ್ತದೆ. ಹಾಗೆ ಪಂಪ್ ಮಾಡಿ ಸುಮಾರು 80 ಮಿಲಿವೋಲ್ಟಿನ ಒಂದು ಪುಟ್ಟ ಬ್ಯಾಟರಿಯನ್ನೇ ಚಾರ್ಜಿನಲ್ಲಿ ಇಡುತ್ತದೆ. ಕಿಡ್ನಿಯ ಸೋಸುಕ ಮತ್ತು ಕಿವಿಯ ಈ ಪಟ್ಟಿ, ಎರಡನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಟ್ಟಡ ಬಹಳ ಹೋಲುತ್ತದೆ. ಎರಡೂ ರಕ್ತಕ್ಕೆ ಅಂಟಿಕೊಂಡು ಕೂತು ನೀರು, ಉಪ್ಪು ಅಳೆಯುವ ಜಾಗಗಳು. ಎರಡರ ಪೊರೆಯಲ್ಲೂ ಒಂದೇ ಬಗೆಯ ಕೊಲಾಜನ್ ನೂಲು ಇದೆ. ಒಂದೇ ಮಗ್ಗದಲ್ಲಿ ನೇಯ್ದ ಎರಡು ಬಟ್ಟೆ ಅಂದುಕೊಳ್ಳಿ.

ಇದರ ಜೊತೆಗೆ, ಒಳಕಿವಿಗೆ ರಕ್ತ ಬರುವುದು ಒಂದೇ ಒಂದು ತೆಳು ನಾಳದಿಂದ. ಆ ಊರಿಗೆ ಇರುವುದು ಒಂದೇ ರಸ್ತೆ. ಸಕ್ಕರೆ ಕಾಯಿಲೆಯಿಂದ, ಬಿಪಿಯಿಂದ ಸಣ್ಣ ರಕ್ತನಾಳಗಳು ಹಾಳಾದರೆ ಕಿಡ್ನಿಗೂ ಪೆಟ್ಟು, ಕಿವಿಗೂ ಪೆಟ್ಟು. ಕಿಡ್ನಿ ಸೋತ ಮೇಲೆ ರಕ್ತದಲ್ಲಿ ಕಸ ನಿಲ್ಲುತ್ತದೆ, ಉಪ್ಪಿನಂಶ ಏರಿಳಿಯುತ್ತದೆ, ರಕ್ತಹೀನತೆ ಬರುತ್ತದೆ. ಡಯಾಲಿಸಿಸ್ ಮಾಡುವಾಗ ಬಿಪಿ ದಿಢೀರನೆ ಬಿದ್ದರೆ ಆ ಒಂದೇ ರಸ್ತೆಯಲ್ಲೂ ರಕ್ತ ಕಡಿಮೆಯಾಗುತ್ತದೆ. ಮಷೀನಿನಲ್ಲಿ ಮಲಗಿರುವಾಗ ಕಿವಿ ಮುಚ್ಚಿಕೊಂಡ ಹಾಗೆ ಆಯಿತು, ಗುಂಯ್ ಅಂತು ಅಂತ ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಅದನ್ನು ಮನೆಗೆ ಹೋಗಿ ಮಗಳಿಗೆ ಹೇಳಬೇಡಿ. ಆಗಲೇ, ಅಲ್ಲೇ ಟೆಕ್ನೀಷಿಯನ್‌ಗೆ ಹೇಳಿ. ಅವರು ಬಿಪಿ ನೋಡುತ್ತಾರೆ.

ಕಾಕ್ಲಿಯಾದ ಒಳಗೆ ಕೂದಲಿನಂಥ ತುದಿ ಇರುವ ಜೀವಕೋಶಗಳಿವೆ. ಒಂದು ಕಿವಿಗೆ ಸುಮಾರು 15,000. ಗಾಳಿ ಬೀಸಿದರೆ ರಾಗಿ ಹೊಲ ಹೇಗೆ ಬಾಗುತ್ತದೋ ಹಾಗೆ ಸದ್ದಿಗೆ ಇವು ಬಾಗುತ್ತವೆ. ಆದರೆ ರಾಗಿ ಮುಂದಿನ ಮಳೆಗೆ ಮತ್ತೆ ಬರುತ್ತದೆ. ಈ ಕೂದಲು ಕೋಶಗಳು ಮನುಷ್ಯರಲ್ಲಿ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅದಕ್ಕೇ ನಾನು ಇಷ್ಟು ಅವಸರ ಮಾಡುವುದು.

ಇದು ನಾನು ಸುಮ್ನೆ ಹೇಳುವ ಮಾತಲ್ಲ. ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್ ಎಂಬ ಕಡೆ 50 ವರ್ಷ ದಾಟಿದವರ ಕಿವಿ ಮತ್ತು ಕಿಡ್ನಿ ಎರಡನ್ನೂ ಪರೀಕ್ಷೆ ಮಾಡಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಿಡ್ನಿ ಮಧ್ಯಮ ಮಟ್ಟಕ್ಕೆ ಕುಗ್ಗಿದವರಲ್ಲಿ 100ಕ್ಕೆ 54 ಜನಕ್ಕೆ ಕಿವಿ ಮಂದ ಇತ್ತು. ಕಿಡ್ನಿ ಚೆನ್ನಾಗಿದ್ದವರಲ್ಲಿ 100ಕ್ಕೆ 28 ಜನಕ್ಕೆ. ಕಿಡ್ನಿ ಕಾಯಿಲೆಯವರ ವಯಸ್ಸೂ ಜಾಸ್ತಿ ಇರುತ್ತದಲ್ಲ, ಅದಕ್ಕೇ ಇರಬೇಕು ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ವಯಸ್ಸು, ಸಕ್ಕರೆ, ಬಿಪಿ, ಕೆಲಸದ ಜಾಗದ ಸದ್ದು, ಇವೆಲ್ಲದರ ಪಾಲು ಕಳೆದು ನೋಡಿದಾಗ ಅಂತರ ಚಿಕ್ಕದಾಯಿತು, ನಿಜ. ಆದರೆ ಅಳಿಸಿಹೋಗಲಿಲ್ಲ. ಅವರು ನೋಡಿದ್ದು ಮಧ್ಯಮ ಮಟ್ಟದ ಕಾಯಿಲೆಯವರನ್ನು, ಇನ್ನೂ ಡಯಾಲಿಸಿಸ್ ತನಕ ಬಾರದವರನ್ನು. ಇದನ್ನು ನೆನಪಿಡಿ. ಕಿವಿ ಪರೀಕ್ಷೆಗೆ ಡಯಾಲಿಸಿಸ್ ಶುರುವಾಗುವ ತನಕ ಕಾಯಬೇಕಾಗಿಲ್ಲ.

ಕಿಡ್ನಿ ಕಾಯಿಲೆಯವರಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ತೆಳು ದನಿ, ಚೂಪು ಸದ್ದು. ಗುಡುಗು ಕೇಳುತ್ತದೆ, ಲಾರಿ ಹಾರ್ನ್ ಕೇಳುತ್ತದೆ. ಕುಕ್ಕರ್ ವಿಷಲ್ ದೂರದಿಂದ ಬಂದ ಹಾಗಿರುತ್ತದೆ. ಮಾತಿನಲ್ಲಿ ಆ, ಓ, ಮ, ನ ಇವೆಲ್ಲ ದಪ್ಪ ಸದ್ದುಗಳು, ಕೇಳುತ್ತವೆ. ಸ, ಶ, ಚ, ತ, ಕ ಇವು ತೆಳು ಸದ್ದುಗಳು, ಕರಗಿಹೋಗುತ್ತವೆ. ಆದ್ದರಿಂದ ನನ್ನ ಕೋಣೆಗೆ ಬರುವ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಕೇಳ್ಸತ್ತೆ ಕಣಮ್ಮ, ಏನಂದ್ರು ಅಂತ ಗೊತ್ತಾಗಲ್ಲ." ಮನೆಯವರು ಇದನ್ನು "ಬೇಕಾದ್ದು ಮಾತ್ರ ಕೇಳ್ಸತ್ತೆ ಇವರಿಗೆ" ಅಂತ ತಪ್ಪು ತಿಳಿಯುತ್ತಾರೆ. ದಯವಿಟ್ಟು ಹಾಗೆ ಅನ್ನಬೇಡಿ. ಆ ಮಾತು ಎಷ್ಟು ನೋಯಿಸುತ್ತದೆ ಅಂತ ನಾನು ಮುಖದಲ್ಲೇ ನೋಡಿದ್ದೇನೆ.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಶ್ರೀನಿವಾಸಪುರ ಕಡೆಯ ಒಬ್ಬ ತಾತನ ಕಥೆ ಹೇಳಬೇಕು.

ಆ ತಾತನಿಗೆ ಮಾವಿನ ತೋಟ, ಮನೆಯಲ್ಲಿ ಮಾತು ತೆಲುಗು. ಡಯಾಲಿಸಿಸ್‌ಗೆ ಬಂದಾಗೆಲ್ಲ ರಕ್ತದಲ್ಲಿ ಪೊಟ್ಯಾಷಿಯಂ 6ರ ಮೇಲೆ. ಇರಬೇಕಾದ್ದು 3.5ರಿಂದ 5ರ ಒಳಗೆ. ಜಾಸ್ತಿಯಾದರೆ ಹೃದಯ ನಿಲ್ಲುವ ಅಪಾಯ ಇದೆ. ಡಯಟಿಷಿಯನ್ ಹುಡುಗಿ ಪಾಪ ಪ್ರತಿ ಸಲವೂ ಹೇಳಿದಳು. ಎಳನೀರು ಬೇಡ, ಬಾಳೆಹಣ್ಣು ಬೇಡ, ಸೊಪ್ಪು ತರಕಾರಿ ಬೇಯಿಸಿ, ಬಸಿದು, ಆ ನೀರು ಚೆಲ್ಲಿ ತಿನ್ನಿ. ತಾತ ಪ್ರತಿ ಸಲವೂ "ಹ್ಞೂಂ ಹ್ಞೂಂ" ಅಂತ ತಲೆ ಆಡಿಸಿದರು. ಪೊಟ್ಯಾಷಿಯಂ ಇಳಿಯಲಿಲ್ಲ. "ಇವರು ಮಾತು ಕೇಳಲ್ಲ" ಅಂತ ಫೈಲಿನಲ್ಲೂ ಬರೆದಾಯಿತು.

ಒಂದು ದಿನ ಸೊಸೆ ಜೊತೆಗೆ ಬಂದಿದ್ದರು. ಮನೆಯಲ್ಲಿ ಏನಮ್ಮ ಅಡುಗೆ ಅಂತ ಕೇಳಿದರೆ, "ಆಸ್ಪತ್ರೇಲಿ ಹೇಳಿದ ಹಾಗೇ ಮಾಡ್ತಿದ್ದೀನಿ ಮೇಡಂ. ವಾರದಲ್ಲಿ ಮೂರು ದಿನ ಬಸ್ಸಾರು" ಅಂದರು.

ಇಲ್ಲಿ ಕೂತ ಎಲ್ಲರಿಗೂ ಬಸ್ಸಾರು ಗೊತ್ತು. ಸೊಪ್ಪು, ಕಾಳು ಬೇಯಿಸಿ ಬಸಿಯುತ್ತೇವೆ. ಬಸಿದ ನೀರಿಗೆ ಖಾರ ಅರೆದು ಹಾಕಿ ಸಾರು, ಬೆಂದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ಬಿಸಿ ಮುದ್ದೆಯ ಜೊತೆ ಅದಕ್ಕಿಂತ ರುಚಿ ಇನ್ನೊಂದಿಲ್ಲ. ಆದರೆ ಸೊಪ್ಪಿನ ಪೊಟ್ಯಾಷಿಯಂ ಎಲ್ಲಿಗೆ ಹೋಗುತ್ತದೆ? ಆ ಬಸಿದ ನೀರಿಗೆ. ಚೆಲ್ಲಬೇಕಾದದ್ದು ಅದೇ ನೀರು. ತಾತನಿಗೆ ಕೇಳಿಸಿದ್ದು "ಸೊಪ್ಪು", "ಬಸಿ", "ನೀರು". "ಚೆಲ್ಲಿ" ಅನ್ನುವ ಮಾತು ಕಿವಿಗೆ ಬಿದ್ದಿರಲಿಲ್ಲ. ಮಿಕ್ಕಿದ್ದನ್ನು ಅವರ ಮನಸ್ಸು ತುಂಬಿಕೊಂಡಿತು. ಸೊಪ್ಪು, ಬಸಿ, ನೀರು ಅಂದರೆ ನಮ್ಮ ಕಡೆಯವರಿಗೆ ಇನ್ನೇನು ಹೊಳೆಯುತ್ತದೆ ಹೇಳಿ? ಮನೆಗೆ ಹೋಗಿ "ಬಸ್ಸಾರು ತಿನ್ನಬೇಕಂತೆ" ಅಂದರು. ಸೊಸೆ ಪ್ರೀತಿಯಿಂದ ಮಾಡಿ ಬಡಿಸಿದರು. ಮಾವನಿಗೆ ಒಳ್ಳೆಯದಾಗಲಿ ಅಂತ ಸಾರು ಒಂದು ಸೌಟು ಜಾಸ್ತಿಯೇ ಹಾಕಿದರು.

ಇಲ್ಲಿ ಭಾಷೆಯ ವಿಷಯವನ್ನೂ ಹೇಳಬೇಕು. ಕಿವಿ ಮಂದ ಆದವರು ಅರ್ಧ ಕೇಳಿಸಿಕೊಂಡು, ಅರ್ಧ ಊಹೆ ಮಾಡುತ್ತಾರೆ. ಮನೆಯ ಭಾಷೆಯಲ್ಲಿ ಆ ಊಹೆ ಸರಿಹೋಗುತ್ತದೆ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಮನೆಯಲ್ಲಿ ತೆಲುಗು, ಆಸ್ಪತ್ರೆಯಲ್ಲಿ ಕನ್ನಡ, ಚೀಟಿಯಲ್ಲಿ ಇಂಗ್ಲಿಷ್. ಮುಳಬಾಗಿಲು, ಶ್ರೀನಿವಾಸಪುರದಿಂದ ಬರುವ ಹಿರಿಯರಿಗೆ ಕಿವಿ ಹೋಗುತ್ತಿರುವುದು ಮೊದಲು ಗೊತ್ತಾಗುವುದು ಎರಡನೇ ಭಾಷೆಯಲ್ಲಿ. ಮನೆಯಲ್ಲಿ ಚೆನ್ನಾಗೇ ಮಾತಾಡುತ್ತಾರಲ್ಲ, ಕಿವಿಗೆ ಏನಾಗಿದೆ ಅಂತ ಮಕ್ಕಳು ಹೇಳುತ್ತಾರೆ. ಆಸ್ಪತ್ರೆಯಲ್ಲಿ ತಡವರಿಸಿದರೆ ಕಿವಿಯನ್ನೂ ಒಮ್ಮೆ ನೋಡಿಸಿ.

ಆ ತಾತನಿಗೆ ಎರಡೂ ಕಿವಿಗೆ ಸದ್ದು ಹೆಚ್ಚಿಸುವ ಮಷೀನ್ ಹಾಕಿದೆವು. ಡಯಟಿಷಿಯನ್ ಒಂದು ದೊಡ್ಡ ಹಾಳೆಯಲ್ಲಿ ಪಾತ್ರೆಯಿಂದ ನೀರು ಚೆಲ್ಲುವ ಚಿತ್ರ ಬರೆದು ಕೊಟ್ಟಳು. ಪೊಟ್ಯಾಷಿಯಂ ಇಳಿಯಿತು. "ಮಾತು ಕೇಳಲ್ಲ" ಅಂತ ಬರೆದಿದ್ದ ಹಾಳೆಯ ಮೇಲೆ ಈಗ "ಕಿವಿ ಮಂದ, ಎದುರಿಗೆ ನಿಂತು ಮಾತಾಡಿ" ಅನ್ನುವ ಚೀಟಿ ಅಂಟಿಸಿದೆ.

ಇನ್ನು ಔಷಧಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅರ್ಧ ಕೇಳಿಸಿಕೊಂಡು ಹೋಗಿ ಮಾತ್ರೆ ನಿಲ್ಲಿಸಿದರೆ ನನ್ನಿಂದಲೇ ಕೆಡುಕಾಗುತ್ತದೆ.

ಸೋಂಕಿಗೆ ಕೊಡುವ ಕೆಲವು ಇಂಜೆಕ್ಷನ್‌ಗಳು ಕಿವಿಗೆ ಪೆಟ್ಟು ಕೊಡಬಲ್ಲವು. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಇವು ಒಂದೇ ಮನೆತನದವು. ಸ್ಟ್ರೆಪ್ಟೊಮೈಸಿನ್ 1940ರ ದಶಕದಲ್ಲಿ ಬಂದ, ಕ್ಷಯಕ್ಕೆ ಮೊದಲು ಸಿಕ್ಕ ಪರಿಣಾಮಕಾರಿ ಔಷಧಿ. ಎಷ್ಟೋ ಜೀವ ಉಳಿಸಿತು. ಅದರ ಜೊತೆಗೇ ಕೆಲವರ ಕಿವಿಯನ್ನೂ, ನಡಿಗೆಯ ಹಿಡಿತವನ್ನೂ ತೆಗೆದುಕೊಂಡಿತು. ಹಳಬರಲ್ಲಿ "ಟಿಬಿ ಸೂಜಿ ತಗೊಂಡ ಮೇಲೆ ಕಿವಿ ಹೋಯ್ತು" ಅನ್ನುವವರು ಈಗಲೂ ಸಿಗುತ್ತಾರೆ. ಈ ಔಷಧಿಗಳು ದೇಹದಿಂದ ಹೊರಗೆ ಹೋಗುವುದು ಕಿಡ್ನಿಯ ದಾರಿಯಿಂದಲೇ. ಚೆನ್ನಾಗಿರುವ ಕಿಡ್ನಿ ಜೆಂಟಾಮೈಸಿನ್‌ನ ಅರ್ಧದಷ್ಟನ್ನು ಎರಡು ಮೂರು ಗಂಟೆಯಲ್ಲಿ ಹೊರಹಾಕುತ್ತದೆ. ಕಿಡ್ನಿ ಪೂರ್ತಿ ಸೋತವರಲ್ಲಿ ಅದೇ ಕೆಲಸಕ್ಕೆ ಒಂದು ದಿನಕ್ಕೂ ಜಾಸ್ತಿ ಬೇಕು. ಅಷ್ಟು ಹೊತ್ತು ಔಷಧಿ ರಕ್ತದಲ್ಲಿ, ಕಿವಿಯ ದ್ರವದಲ್ಲಿ ಉಳಿಯುತ್ತದೆ. ಸೂಜಿ ನಿಲ್ಲಿಸಿ ಕೆಲವು ವಾರ ಆದ ಮೇಲೂ ಕಿವಿ ಇಳಿಯಬಹುದು.

ಹಾಗಂತ ಈ ಸೂಜಿ ಬೇಡ ಅನ್ನಬೇಡಿ. ಡಯಾಲಿಸಿಸ್‌ಗೆ ರಕ್ತನಾಳದೊಳಗೆ ಹಾಕಿದ ಕೊಳವೆಯ, ಅಂದರೆ ಕ್ಯಾತಿಟರ್‌ನ, ಸೋಂಕು ರಕ್ತಕ್ಕೆ ಏರಿದಾಗ ಇವೇ ಜೀವ ಉಳಿಸುತ್ತವೆ. ಕಿಡ್ನಿ ಡಾಕ್ಟರಿಗೆ ಡೋಸ್ ಇಳಿಸುವುದು, ಅಂತರ ಹೆಚ್ಚಿಸುವುದು ಎಲ್ಲ ಗೊತ್ತಿರುತ್ತದೆ. ತೊಂದರೆ ಆಗುವುದು ಬೇರೆ ಕಡೆ. ಜ್ವರ ಬಂತು, ಊರಿನ ಹತ್ತಿರದ ಕ್ಲಿನಿಕ್‌ಗೆ ಹೋದಿರಿ, ಕಿಡ್ನಿ ವಿಷಯ ಹೇಳಲಿಲ್ಲ, ಅವರು ಎಲ್ಲರಿಗೂ ಕೊಡುವ ಡೋಸ್ ಕೊಟ್ಟರು. ಅದಕ್ಕೇ ಯಾರ ಮುಂದೆ ಕೂತರೂ ನಿಮ್ಮ ಮೊದಲ ಮಾತು ಇದಾಗಿರಲಿ: "ನನಗೆ ಕಿಡ್ನಿ ತೊಂದರೆ ಇದೆ." ಆಮೇಲೆ ಜ್ವರ, ಕೆಮ್ಮು ಎಲ್ಲ ಹೇಳಿ. ಮನೆಯವರು ಒಂದು ಪ್ರಶ್ನೆ ಕಲಿತುಕೊಳ್ಳಿ: "ಡಾಕ್ಟ್ರೇ, ಇದು ಕಿಡ್ನಿಗೆ ತಕ್ಕ ಡೋಸಾ? ಕಿವಿಗೆ ಏನಾದ್ರೂ ಆಗತ್ತಾ?" ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಪರವಾಗಿಲ್ಲ, ಕೇಳಿ. ಇಂಥ ಸೂಜಿ ಹಲವು ದಿನ ಬೇಕಾದರೆ ಶುರುವಿನಲ್ಲೇ ಒಂದು ಕಿವಿ ಪರೀಕ್ಷೆ ಮಾಡಿಸಿ. ಔಷಧಿಯ ಪೆಟ್ಟು ಮೊದಲು ಬೀಳುವುದು ಅತಿ ಚೂಪಾದ ಸದ್ದುಗಳ ಮೇಲೆ. ಮಾತು ಕೇಳುವುದು ತಪ್ಪುವ ಮೊದಲೇ ಪರೀಕ್ಷೆಯಲ್ಲಿ ಅದು ಕಾಣುತ್ತದೆ. ಕಿವಿಯಲ್ಲಿ ಹೊಸದಾಗಿ ಗುಂಯ್ ಅಂದರೆ, ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ತೂರಾಡಿದರೆ ಆವತ್ತೇ ಹೇಳಿ.

ಲ್ಯಾಸಿಕ್ಸ್ ಬಗ್ಗೆ ಬಹಳ ಜನ ಕೇಳುತ್ತೀರಿ. ಮೂತ್ರ ಇಳಿಸುವ ಆ ಔಷಧಿಯನ್ನು ದೊಡ್ಡ ಡೋಸಿನಲ್ಲಿ, ರಕ್ತನಾಳಕ್ಕೆ ಬೇಗ ಬೇಗ ಕೊಟ್ಟರೆ ಕಿವಿ ಮಂದವಾಗಬಹುದು. ಹೆಚ್ಚಾಗಿ ಅದು ವಾಪಸ್ ಬರುತ್ತದೆ. ಆದ್ದರಿಂದಲೇ ಆಸ್ಪತ್ರೆಯಲ್ಲಿ ನಿಧಾನವಾಗಿ ಹನಿಸುತ್ತಾರೆ. ನೀವು ಮನೆಯಲ್ಲಿ ನುಂಗುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಒಂದು ಮಾತು ಪಕ್ಕಕ್ಕೆ ಹೋಗುತ್ತದೆ, ಆದರೂ ಹೇಳುತ್ತೇನೆ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇದೆ. ವರ್ಷಗಟ್ಟಲೆ ಕುಡಿದವರಿಗೆ ಹಲ್ಲು ಕಂದುತ್ತದೆ, ಮಂಡಿ ಸೊಂಟ ಹಿಡಿಯುತ್ತದೆ. ಹಿಡಿದಾಗ ಏನು ಮಾಡುತ್ತೇವೆ? ಮೆಡಿಕಲ್ ಶಾಪಿಗೆ ಹೋಗಿ, ಚೀಟಿ ಇಲ್ಲದೆ ನೋವಿನ ಮಾತ್ರೆ ತರುತ್ತೇವೆ. ಬೆಳಿಗ್ಗೆ ಒಂದು, ಸಂಜೆ ಒಂದು, ವರ್ಷಗಟ್ಟಲೆ. ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಕಿಡ್ನಿಗೆ ಒಳ್ಳೆಯದಲ್ಲ, ಅದರಲ್ಲೂ ಆಗಲೇ ಕುಗ್ಗಿದ ಕಿಡ್ನಿಗೆ. ಕಿವಿ ಪರೀಕ್ಷೆಗೆ ಬಂದವರ ಚೀಲದಲ್ಲಿ ಆ ಮಾತ್ರೆಯ ಪಟ್ಟಿ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆಶಾ ಅಕ್ಕಂದಿರೇ, ಮನೆ ಮನೆಗೆ ಹೋದಾಗ ಇದನ್ನೂ ಒಂದು ಮಾತು ಕೇಳಿ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಚಿಂತಾಮಣಿ ಕಡೆಯ ಒಬ್ಬ ಹುಡುಗ, ಹದಿಮೂರು ವರ್ಷ. ಕ್ಲಾಸಿನಲ್ಲಿ ಗಮನ ಕೊಡಲ್ಲ ಅಂತ ಟೀಚರ್ ಹಿಂದಿನ ಬೆಂಚಿಗೆ ಕಳಿಸಿದ್ದರು. ಹಿಂದೆ ಕೂತ ಮೇಲೆ ಇನ್ನೂ ಕೇಳಿಸಲಿಲ್ಲ. ಪರೀಕ್ಷೆಯಲ್ಲಿ ಎರಡೂ ಕಿವಿಯಲ್ಲಿ ಚೂಪು ಸದ್ದು ಸಮಸಮವಾಗಿ ಇಳಿದಿತ್ತು. ತಾಯಿಯ ಹತ್ತಿರ ಮನೆಯವರ ಬಗ್ಗೆ ಕೇಳಿದೆ. "ನಮ್ಮಣ್ಣಂಗೂ ಸಣ್ಣ ವಯಸ್ಸಿಗೇ ಕಿವಿ ಹೋಗಿತ್ತು. ಆಮೇಲೆ ಕಿಡ್ನಿ ಹೋಗಿ ತೀರಿಕೊಂಡ" ಅಂದರು. ಕೂಡಲೇ ಹುಡುಗನ ಮೂತ್ರ ಪರೀಕ್ಷೆಗೆ ಕಳಿಸಿದೆವು. ಕಣ್ಣಿಗೆ ಕಾಣದಷ್ಟು ರಕ್ತ ಇತ್ತು. ತಾಯಿಯ ಮೂತ್ರದಲ್ಲೂ ಇತ್ತು. ಇದಕ್ಕೆ ಆಲ್ಪೋರ್ಟ್ ಸಿಂಡ್ರೋಮ್ ಅಂತ ಹೆಸರು. ಸೆಸಿಲ್ ಆಲ್ಪೋರ್ಟ್ ಎಂಬ ಡಾಕ್ಟರು 1927ರಲ್ಲಿ ಒಂದೇ ಮನೆತನದವರಲ್ಲಿ ಕಿಡ್ನಿ, ಕಿವಿ ಎರಡೂ ಹೋಗುವುದನ್ನು ವಿವರಿಸಿದರು. ಒಂದೇ ಮಗ್ಗದ ಎರಡು ಬಟ್ಟೆ ಅಂದೆನಲ್ಲ, ಇವರಲ್ಲಿ ಆ ನೂಲೇ ಹುಟ್ಟಿನಿಂದ ಸರಿಯಿಲ್ಲ. ಹೆಚ್ಚಿನ ಮನೆಗಳಲ್ಲಿ ಇದು ಎಕ್ಸ್ ಕ್ರೋಮೋಸೋಮಿನಲ್ಲಿ ಬರುವುದರಿಂದ ಗಂಡುಮಕ್ಕಳಿಗೆ ಪೆಟ್ಟು ಜಾಸ್ತಿ. ಇದು ತಾಯಿಯ ತಪ್ಪಲ್ಲ. ಈ ಮಾತನ್ನು ಆ ಮನೆಯ ಅತ್ತೆಯ ಎದುರಿಗೇ ಎರಡು ಸಲ ಹೇಳಬೇಕಾಯಿತು. ಬೇಗ ಗೊತ್ತಾದರೆ ರಾಮಿಪ್ರಿಲ್‌ನಂಥ ಮಾತ್ರೆಯಿಂದ ಕಿಡ್ನಿ ಸೋಲುವುದನ್ನು ವರ್ಷಗಟ್ಟಲೆ ಮುಂದಕ್ಕೆ ತಳ್ಳಬಹುದು. ಹುಡುಗ ಈಗ ಮಷೀನ್ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂರುತ್ತಾನೆ, ಕಿಡ್ನಿ ಡಾಕ್ಟರ ಹತ್ತಿರವೂ ಹೋಗುತ್ತಾನೆ. ಕಿವಿಯಿಂದ ಕಿಡ್ನಿ ಕಾಯಿಲೆ ಸಿಕ್ಕಿದ್ದು ಹೀಗೆ.

ಸದ್ದಿನ ಬಗ್ಗೆ ಎರಡೇ ಮಾತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರದ ಮುಂದೆ ನಿಲ್ಲುವವರು, ಕಲ್ಲು ಕ್ರಷರ್‌ನಲ್ಲಿ ದುಡಿಯುವವರು, ಇವರಿಗೆ ಕಿಡ್ನಿ ತೊಂದರೆಯೂ ಇದ್ದರೆ ಕಿವಿಗೆ ಎರಡು ಕಡೆಯಿಂದ ಏಟು. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ದಾಟಬಾರದು. ಪಕ್ಕದಲ್ಲಿ ನಿಂತವರಿಗೆ ಕೂಗಿ ಹೇಳಬೇಕಾದರೆ ಅದು ಜಾಸ್ತಿ ಸದ್ದು ಅಂತಲೇ ಲೆಕ್ಕ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. ಬರೀ ಹತ್ತಿ ಸಾಲದು.

ಕಿಡ್ನಿ ಕಾಯಿಲೆಯಲ್ಲಿ ಮೈಯೆಲ್ಲ ನವೆ, ಅಲ್ವಾ? ಕಿವಿಯೊಳಗೂ ನವೆ. ಆಗ ಪಿನ್ನು, ಬೆಂಕಿಕಡ್ಡಿ, ಬೈಕಿನ ಕೀ, ಏನು ಸಿಕ್ಕರೂ ಹಾಕುತ್ತೀರಿ. ಬೇಡ. ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಕೊಡುತ್ತಾರೆ. ಆ ದಿನ ಸಣ್ಣ ಗೀರು ಬಿದ್ದರೂ ರಕ್ತ ಬೇಗ ನಿಲ್ಲುವುದಿಲ್ಲ. ಜೊತೆಗೆ ಗುಗ್ಗೆ ಒಳಕ್ಕೆ ಹೋಗಿ ಗಟ್ಟಿಯಾಗುತ್ತದೆ. ಕಿಡ್ನಿಯಿಂದ ಕಿವಿ ಹೋಯಿತು ಅಂತ ಅಳುತ್ತ ಬಂದವರ ಕಿವಿಯಿಂದ ಹುಣಸೆಬೀಜದಷ್ಟು ಗುಗ್ಗೆ ತೆಗೆದು, ನಗಿಸಿ ಕಳಿಸಿದ್ದೂ ಇದೆ. ಆದ್ದರಿಂದ ಮೊದಲು ಇಎನ್‌ಟಿ ಡಾಕ್ಟರು ಕಿವಿಯ ಒಳಗೆ ಬೆಳಕು ಬಿಟ್ಟು ನೋಡಲಿ.

ಪರೀಕ್ಷೆ ಅಂದರೆ ಹೆದರಬೇಡಿ. ಸೂಜಿ ಇಲ್ಲ, ರಕ್ತ ಇಲ್ಲ. ಸದ್ದು ಬಾರದ ಒಂದು ಪುಟ್ಟ ಕೋಣೆ, ಬಾಗಿಲು ದಪ್ಪ. ಕಿವಿಗೆ ಹೆಡ್‌ಫೋನ್, ಕೈಗೆ ಒಂದು ಗುಂಡಿ. ಸಣ್ಣಗೆ ಕೂ ಅಂತ ಕೇಳಿದ ಕೂಡಲೇ ಗುಂಡಿ ಒತ್ತಬೇಕು. ದಪ್ಪ ದನಿಯಿಂದ ತೆಳು ದನಿಯ ತನಕ, 250ರಿಂದ 8000 ಹರ್ಟ್ಜ್ ತನಕ ನೋಡುತ್ತೇವೆ. ಅರ್ಧ ಗಂಟೆ ಸಾಕು. ಕೊನೆಗೆ ಒಂದು ಗ್ರಾಫ್ ಕೊಡುತ್ತೇವೆ. ನಾನು ಕೇಳುತ್ತಿರುವ ಆ ಒಂದು ಹಾಳೆ ಅದೇ. ಡಯಾಲಿಸಿಸ್ ಆದ ದಿನವೇ ಬರಬೇಡಿ, ಸುಸ್ತಿಗೆ ಗುಂಡಿ ಒತ್ತಲಾಗುವುದಿಲ್ಲ. ಮಾರನೇ ದಿನ ಬನ್ನಿ. ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಕೇಳಿ. ಇನ್ನೂ ದೊಡ್ಡ ಪರೀಕ್ಷೆ ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎರಡೂ ಕಿವಿ 60 ಡೆಸಿಬಲ್‌ಗಿಂತ ಜಾಸ್ತಿ ಇಳಿದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಕೇಳಬಹುದು.

ಮನೆಯವರಿಗೆ, ಡಯಾಲಿಸಿಸ್ ಕೋಣೆಯವರಿಗೆ ಒಂದು ಮನವಿ. ಆ ಕೋಣೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಹತ್ತು ಮಷೀನ್ ಬೀಪ್ ಬೀಪ್, ಫ್ಯಾನು, ಟಿವಿ, ಬಾಯಿಗೆ ಮಾಸ್ಕ್. ಚೆನ್ನಾಗಿ ಕೇಳುವವರಿಗೇ ಅಲ್ಲಿ ಮಾತು ತಿಳಿಯುವುದು ಕಷ್ಟ. ಮುಖ್ಯವಾದ ಮಾತನ್ನು ಕಾಲ ಬುಡದಲ್ಲಿ ನಿಂತು ಕೂಗಿ ಹೇಳಬೇಡಿ. ಕೂಗಿದರೆ ದಪ್ಪ ಸದ್ದು ಮಾತ್ರ ಜೋರಾಗುತ್ತದೆ, ಅರ್ಥ ಇನ್ನೂ ಒಡೆಯುತ್ತದೆ. ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಮುಖ ಕಾಣುವ ಹಾಗೆ ನಿಂತು, ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದೇ ಮಾತನ್ನು ಮತ್ತೆ ಹೇಳಬೇಡಿ, ಬೇರೆ ಮಾತಿನಲ್ಲಿ ಹೇಳಿ. ಕೊನೆಗೆ "ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ "ಹ್ಞೂಂ" ಅನ್ನುತ್ತಾರೆ. "ತಾತ, ಮನೆಗೆ ಹೋಗಿ ಸೊಪ್ಪನ್ನ ಹೇಗೆ ಮಾಡ್ತೀರಾ, ಹೇಳಿ ನೋಡೋಣ" ಅಂತ ಕೇಳಿ.

ಒಬ್ಬ ಅಣ್ಣ ಕೇಳಿದರು, ಕಿಡ್ನಿ ಕಸಿ ಮಾಡಿಸಿದರೆ ಕಿವಿ ವಾಪಸ್ ಬರುತ್ತದಾ ಅಂತ. ಕೆಲವರಿಗೆ ಸ್ವಲ್ಪ ಸುಧಾರಿಸುತ್ತದೆ, ಕೆಲವರಿಗೆ ಇದ್ದ ಹಾಗೇ ಉಳಿಯುತ್ತದೆ. ಸತ್ತ ಕೂದಲು ಕೋಶ ಹೊಸ ಕಿಡ್ನಿಯಿಂದ ಹುಟ್ಟುವುದಿಲ್ಲ. ಹಾಗಾಗಿ ಕಸಿ ಆಗುವ ತನಕ ಕಿವಿ ಮಷೀನ್ ಬೇಡ ಅಂತ ಕಾಯಬೇಡಿ.

ಹಿಂದಿನ ಸಾಲಿನ ಅಮ್ಮ ಕೇಳಿದ್ದು ಬಹಳ ಉಪಯೋಗದ ಪ್ರಶ್ನೆ. ಡಯಾಲಿಸಿಸ್ ಮಾಡುವಾಗ ಕಿವಿ ಮಷೀನ್ ತೆಗೆದಿಡಬೇಕಾ? ಬೇಡ. ಡಯಾಲಿಸಿಸ್ ಮಷೀನಿಗೂ ಅದಕ್ಕೂ ಏನೂ ಜಗಳ ಇಲ್ಲ. ನಿಮಗೆ ಮಾತು ಹೆಚ್ಚು ಬೇಕಾದದ್ದೇ ಆ ನಾಲ್ಕು ಗಂಟೆಯಲ್ಲಿ. ಒಂದೇ ವಿಷಯ, ಸೂಜಿ ಚುಚ್ಚಿದ ಮೇಲೆ ಫಿಸ್ಟುಲಾ ಕೈಯನ್ನು ಮಡಿಸುವ ಹಾಗಿಲ್ಲ. ಒಂದೇ ಕೈಯಲ್ಲಿ ಕಿವಿ ಮಷೀನ್ ಹಾಕಲು, ಬ್ಯಾಟರಿ ಬದಲಿಸಲು ಆಗುವುದಿಲ್ಲ. ಆದ್ದರಿಂದ ಸೂಜಿಗೆ ಮುಂಚೆಯೇ ಹೊಸ ಬ್ಯಾಟರಿ ಹಾಕಿ, ಕಿವಿಗೆ ಕೂರಿಸಿಕೊಂಡು ಮಲಗಿ. ನಿದ್ದೆ ಬಂದರೆ ಪಕ್ಕದವರ ಕೈಗೆ ಕೊಟ್ಟು ಡಬ್ಬಿಯಲ್ಲಿ ಹಾಕಿಸಿ, ದಿಂಬಿನ ಕೆಳಗೆ ಇಡಬೇಡಿ. ಬೆಡ್‌ಶೀಟ್ ಜೊತೆ ಲಾಂಡ್ರಿಗೆ ಹೋದ ಎರಡು ಮಷೀನ್ ನನಗೆ ಗೊತ್ತು. ಇನ್ನು, ಬೆಳಿಗ್ಗೆ ಫಿಸ್ಟುಲಾದ ಸದ್ದು ಕೇಳಲು ಕೈಯನ್ನು ಕಿವಿಗೆ ಹಿಡಿದಾಗ ಮಷೀನ್ ಕುಂಯ್ ಅಂತ ಕಿರುಚುತ್ತದೆ. ಆಗ ಬೆರಳಿಟ್ಟು ನಡುಕ ನೋಡಿ. ನಡುಕ ಇದ್ದು ಸದ್ದು ಕೇಳಿಸದಿದ್ದರೆ ಮಷೀನ್ ತೆಗೆದು ಇನ್ನೊಂದು ಕಿವಿಗೂ ಹಿಡಿದು ನೋಡಿ. ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಕೇಳದೇ ಹೋದರೆ ಆ ದಿನವೇ ನಮ್ಮ ಹತ್ತಿರ ಬನ್ನಿ.